ಹಳೆ ಲಾರಿ ರೆಸ್ಟೋರೇಶನ್ ಕೈಮೀರದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಲಾರಿ ಇಟ್ಟುಕೊಂಡವರು, ತರಬೇಕು ಅಂತ ಆಸೆ ಇರುವವರು, ಅರ್ಧ ಬಿಚ್ಚಿಸಿ ಕೂತವರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಒಂದೇ: ಕೆಲಸ ಬೆಳೀತಾನೇ ಇದೆ, ಎಲ್ಲಿ ನಿಲ್ಲಿಸೋದು? ಮಾತಿನ ಮಧ್ಯೆ, ಫೋನಿನಲ್ಲಿ, ಪತ್ರಗಳಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದದ್ದನ್ನಷ್ಟೇ ಓದಬಹುದು. ಇಲ್ಲಿ ಲಾರಿ ಅಂದರೆ ನಮ್ಮ ರಸ್ತೆಗಳಲ್ಲಿ ಓಡಿದ, ಮುಂದೆ ಮೂತಿ ಇರುವ ಹಳೆ ಗಾಡಿಗಳು: ಟಾಟಾ ಮರ್ಸಿಡಿಸ್, ಲೇಲ್ಯಾಂಡ್ ಕಾಮೆಟ್, ಬೆಡ್‌ಫೋರ್ಡ್, ಡಾಡ್ಜ್, ಫಾರ್ಗೊ. ಜೀಪ್ ಪಿಕಪ್ ಇಟ್ಟುಕೊಂಡವರಿಗೂ ಮುಕ್ಕಾಲು ಪಾಲು ಇದೇ ಮಾತು ಹೊಂದುತ್ತದೆ.

## ಬಿಚ್ಚುವ ಮುನ್ನ

ತಾತನ ಕಾಲದ ಲಾರಿ ತೋಟದಲ್ಲಿ ನಿಂತಿದೆ, ಸರಿ ಮಾಡಿಸಬೇಕು. ಮೊದಲು ಏನು ಮಾಡಲಿ ಸರ್?

ಸ್ಪ್ಯಾನರ್ ಕೆಳಗಿಡಿ. ಒಂದು ಹಾಳೆ ತೆಗೆದುಕೊಂಡು, ಸರಿಯಾದ ಮೇಲೆ ಈ ಲಾರಿಯಲ್ಲಿ ಏನು ಮಾಡುತ್ತೀರಿ ಅಂತ ಒಂದೇ ಸಾಲು ಬರೆಯಿರಿ. "ಊರ ಜಾತ್ರೆ ದಿನ ಓಡಿಸಬೇಕು." "ಮನೆ ಮುಂದೆ ತಾತನ ನೆನಪಿಗೆ ನಿಲ್ಲಬೇಕು, ಸ್ಟಾರ್ಟ್ ಆದರೆ ಸಾಕು." "ವಿಂಟೇಜ್ ರ‍್ಯಾಲಿಗೆ ಹೋಗಬೇಕು." ಈ ಮೂರೂ ಬೇರೆ ಬೇರೆ ಕೆಲಸ, ಖರ್ಚಿನಲ್ಲಿ ಅಜಗಜಾಂತರ. ಆ ಸಾಲು ಬರೆಯದೆ ಶುರು ಮಾಡಿದರೆ ಗ್ಯಾರೇಜಿಗೆ ಬಂದ ಪ್ರತಿಯೊಬ್ಬರೂ ತಮ್ಮ ಆಸೆಯನ್ನು ನಿಮ್ಮ ಲಾರಿಗೆ ಸೇರಿಸುತ್ತಾರೆ, ನೀವೂ ಹೂಂ ಅನ್ನುತ್ತೀರಿ.

ಆಮೇಲೆ ಫೋಟೋ. ಗಾಡಿ ತೊಳೆಯುವುದಕ್ಕೂ ಮುಂಚೆ ನಾಲ್ಕೂ ಕಡೆಯಿಂದ, ಕೆಳಗಿನಿಂದ, ಬಾನೆಟ್ ಒಳಗೆ, ವೈರಿಂಗ್ ಎಲ್ಲೆಲ್ಲಿ ಹೋಗಿದೆ, ಪೈಪು ಯಾವ ಕ್ಲಿಪ್ಪಿನಲ್ಲಿ ಕೂತಿದೆ, ಎಲ್ಲಾ ತೆಗೆಯಿರಿ. ಚಾಸಿ ನಂಬರು, ಎಂಜಿನ್ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. ತಾತನ ಜೊತೆ ಓಡಾಡಿದ ಹಳೆ ಡ್ರೈವರ್ ಅಥವಾ ಕ್ಲೀನರ್ ಇದ್ದರೆ ಈಗಲೇ ಹೋಗಿ ಮಾತಾಡಿಸಿ. ಗಾಡಿ ಯಾಕೆ ನಿಂತಿತು ಅಂತ ಅವರಿಗೆ ಗೊತ್ತಿರುತ್ತದೆ. ಎಂಜಿನ್ ಹೋಗಿ ನಿಂತದ್ದೋ, ಪರ್ಮಿಟ್ ಮುಗಿದು ನಿಂತದ್ದೋ ಅನ್ನುವುದರ ಮೇಲೆ ಇಡೀ ಲೆಕ್ಕ ಬದಲಾಗುತ್ತದೆ.

ಇನ್ನೂ ಗಾಡಿ ತಗೊಂಡಿಲ್ಲ. ಯಾವ ಲಾರಿ ತಗೊಂಡರೆ ಕೆಲಸ ಕಡಿಮೆ?

ಪಾರ್ಟ್ಸ್ ಸುಲಭವಾಗಿ ಸಿಗಬೇಕು ಅಂದರೆ ಟಾಟಾ. ಟಾಟಾದವರ ಟೆಲ್ಕೊ ಕಂಪನಿ (ಈಗಿನ ಟಾಟಾ ಮೋಟಾರ್ಸ್) 1954ರಲ್ಲಿ ಮರ್ಸಿಡಿಸ್ ಗಾಡಿ ಮಾಡುವ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಜೆಮ್‌ಶೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿತು. 15 ವರ್ಷದ ಆ ಒಪ್ಪಂದ 1969ರಲ್ಲಿ ಮುಗಿದು, ಮೂತಿ ಮೇಲಿನ ನಕ್ಷತ್ರ ಹೋಗಿ ಟಾಟಾ ಗುರುತು ಬಂತು. ಆದರೆ ಒಳಗಿನ ವಿನ್ಯಾಸ ಒಂದೇ ಸಲ ಬದಲಾಗಲಿಲ್ಲ, ಹಾಗಾಗಿ ನಂತರದ ಗಾಡಿಗಳ ಎಷ್ಟೋ ಸಾಮಾನು ಹಳೆಯದಕ್ಕೆ ಹೊಂದುತ್ತದೆ. 1210 ಅನ್ನುವ ಹೆಸರೇ 12 ಟನ್ ಒಟ್ಟು ತೂಕ, ಸುಮಾರು 100 ಅಶ್ವಶಕ್ತಿ ಅಂತ ಹೇಳುತ್ತದೆ. 407 ಕೂಡ ಅದೇ ಲೆಕ್ಕ.

ಲೇಲ್ಯಾಂಡ್ ಕಾಮೆಟ್ ಎರಡನೆಯದು. 1948ರಲ್ಲಿ ಅಶೋಕ್ ಮೋಟಾರ್ಸ್ ಆಗಿ ಶುರುವಾಗಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆದ ಕಂಪನಿಯ ಗಾಡಿ ಅದು. ದಕ್ಷಿಣದಲ್ಲಿ ತುಂಬಾ ಓಡಿದೆ, ಗೊತ್ತಿರುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಡಾಡ್ಜ್, ಫಾರ್ಗೊ, ಬೆಡ್‌ಫೋರ್ಡ್ ನೋಡಲು ಬಹಳ ಚಂದ, ಆದರೆ ಸಾಮಾನು ಹುಡುಕುವುದೇ ಒಂದು ಕೆಲಸವಾಗುತ್ತದೆ.

ಯಾವ ಕಂಪನಿ ಅನ್ನುವುದಕ್ಕಿಂತ ಗಾಡಿ ಪೂರ್ತಿ ಇದೆಯಾ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ. ಬಣ್ಣ ಹೊಳೆಯುತ್ತಾ ಮೀಟರ್, ಗ್ರಿಲ್, ಬಾನೆಟ್ ಹಿಂಜು, ಹೆಡ್‌ಲೈಟ್ ರಿಂಗು ಕಾಣೆಯಾಗಿರುವ ಗಾಡಿಗಿಂತ, ತುಕ್ಕು ಹಿಡಿದರೂ ಎಲ್ಲಾ ಇರುವ ಗಾಡಿ ಎಷ್ಟೋ ವಾಸಿ. ಇನ್ನೊಂದು, ಜಾಗ. ಲಾರಿ ಕಾರಿನ ಶೆಡ್ಡಿನಲ್ಲಿ ಹಿಡಿಯುವುದಿಲ್ಲ. ಬಿಚ್ಚಿದ ಮೇಲೆ ಎರಡರಷ್ಟು ಜಾಗ ಬೇಕು. ಅಷ್ಟು ಜಾಗ ಇಲ್ಲದಿದ್ದರೆ ಜೀಪ್ ಪಿಕಪ್ ನೋಡಿ, ಬೇಜಾರು ಮಾಡಿಕೊಳ್ಳಬೇಡಿ.

ಆರ್‌ಸಿ ಬುಕ್ ಹರಿದು ಹೋಗಿದೆ, ಟ್ಯಾಕ್ಸ್ ಕಟ್ಟಿಲ್ಲ. ಮೊದಲು ಗಾಡಿ ರೆಡಿ ಮಾಡಿ ಆಮೇಲೆ ಪೇಪರ್ ನೋಡ್ಕೊಂಡ್ರೆ ಆಗಲ್ವಾ?

ಆಗಲ್ಲ. ಪೇಪರ್ ಮೊದಲು. ದುಡ್ಡೆಲ್ಲಾ ಹಾಕಿದ ಮೇಲೆ ರಸ್ತೆಗೆ ಇಳಿಸಲು ಆಗದ ಲಾರಿ ಕೈಯಲ್ಲಿ ಉಳಿದರೆ ಅದರ ನೋವು ದೊಡ್ಡದು.

ಕೆಎ ನಂಬರು ಬರುವ ಮುಂಚಿನ, ಎಂವೈ ಅಂತ ಶುರುವಾಗುವ ನಂಬರಿನ ಗಾಡಿಗಳ ದಾಖಲೆ ಎಷ್ಟೋ ಕಡೆ ಇನ್ನೂ ಕೈಬರಹದ ರಿಜಿಸ್ಟರಿನಲ್ಲೇ ಇರುತ್ತದೆ. ಅದನ್ನು ಮೊದಲು ಆರ್‌ಟಿಒದವರ ವಾಹನ್ ಅನ್ನುವ ಕಂಪ್ಯೂಟರ್ ದಾಖಲೆಗೆ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಲಾರಿ ಟ್ರಾನ್ಸ್‌ಪೋರ್ಟ್ ಗಾಡಿಯಾಗಿ ರಿಜಿಸ್ಟರ್ ಆಗಿದ್ದು, ಓಡಿಸುತ್ತಿಲ್ಲ ಅಂತ ಬರೆದುಕೊಡದೆ ನಿಲ್ಲಿಸಿದ್ದರೆ ಟ್ಯಾಕ್ಸ್ ಬಾಕಿ ಬೆಳೆದಿರಬಹುದು. ಆ ಮೊತ್ತ ತಿಳಿದುಕೊಂಡೇ ಮುಂದಿನ ಹೆಜ್ಜೆ ಇಡಿ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿರಬೇಕು, ಸ್ವಂತ ಬಳಕೆಯದ್ದಾಗಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗಿದ್ದರೆ ವಿಎ ಅಕ್ಷರಗಳಿರುವ ನಂಬರು ಸಿಗುತ್ತದೆ. ಹೊಸ ರಿಜಿಸ್ಟ್ರೇಶನ್ನಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಆಮೇಲೆ 5 ವರ್ಷಕ್ಕೆ 5,000. ಪ್ರದರ್ಶನ, ರ‍್ಯಾಲಿ, ಡೀಸೆಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನನಿತ್ಯ ಓಡಿಸುವ ಹಾಗಿಲ್ಲ. ಬಾಡಿಗೆಗೆ ಓಡಿದ ಲಾರಿ ಈ "ಸ್ವಂತ ಬಳಕೆ" ಅನ್ನುವ ಮಾತಿನಲ್ಲೇ ಸಿಕ್ಕಿಹಾಕಿಕೊಳ್ಳಬಹುದು, ಆದ್ದರಿಂದ ಕೆಲಸ ಶುರುವಾಗುವ ಮುಂಚೆಯೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಪೂರ್ತಿ ರೆಸ್ಟೋರೇಶನ್ ಮಾಡಿಸಲೇಬೇಕಾ? ಓಡೋ ಹಾಗೆ ಮಾಡಿದ್ರೆ ಸಾಕಲ್ವಾ?

ಹತ್ತರಲ್ಲಿ ಎಂಟು ಲಾರಿಗಳಿಗೆ ಓಡೋ ಹಾಗೆ ಮಾಡಿದರೆ ಸಾಕು ಅಂತಲೇ ನನ್ನ ಗಟ್ಟಿ ಅಭಿಪ್ರಾಯ. ಬ್ರೇಕು, ಸ್ಟೀರಿಂಗು, ಟೈರು, ವೈರಿಂಗು, ಎಣ್ಣೆ ನೀರು ಸೋರದ ಎಂಜಿನ್ನು. ಹಳೆ ಬಣ್ಣ, ಬಾಗಿಲ ಮೇಲೆ ಪೇಂಟರ್ ಕೈಯಲ್ಲಿ ಬರೆದ ಮಾಲೀಕರ ಹೆಸರು, ಊರು, ಅದನ್ನೆಲ್ಲಾ ಹಾಗೇ ಉಳಿಸಿ, ತುಕ್ಕು ಮುಂದುವರಿಯದಂತೆ ತಡೆದರೆ ಆಯಿತು. ಆ ಬರಹ ಒಮ್ಮೆ ಕೆರೆದರೆ ಹೋಯಿತು.

ಚಾಸಿ ಬೋಳು ಮಾಡಿ ಪ್ರತಿ ನಟ್ಟೂ ಬಿಚ್ಚಿ ಕಟ್ಟುವುದು ಬೇರೆಯೇ ದಾರಿ. ಚಾಸಿ ತಿಂದುಹೋಗಿದ್ದರೆ, ಕ್ಯಾಬಿನ್ ನೆಲ ಉದುರುತ್ತಿದ್ದರೆ ಅದು ಬೇಕಾಗುತ್ತದೆ. ಸುಮ್ನೆ ಚೆಂದಕ್ಕೆ ಆ ದಾರಿ ಹಿಡಿಯಬೇಡಿ. ಮೊದಲು ಓಡಿಸಿ, ಒಂದು ಮಳೆಗಾಲ ಒಂದು ಬೇಸಿಗೆ ಜೊತೆಗೆ ಕಳೆಯಿರಿ, ಅದರ ನಿಜವಾದ ತೊಂದರೆ ಯಾವುದು ಅಂತ ಗಾಡಿಯೇ ತೋರಿಸುತ್ತದೆ.

## ಕೆಲಸ ಶುರುವಾದ ಮೇಲೆ

"ಹೇಗೂ ಎಂಜಿನ್ ಇಳಿಸಿದ್ದೀವಲ್ಲ, ಗೇರ್‌ಬಾಕ್ಸೂ ಬಿಚ್ಚಿಬಿಡೋಣ" ಅಂತಾರೆ ಮೆಕ್ಯಾನಿಕ್. ಬಿಚ್ಚಿಸಲಾ?

ಇದೇ ಎಲ್ಲದರ ಮೂಲ. ಲಾರಿ ಕೆಲಸ ಕೈಮೀರುವುದು ಒಂದೇ ದೊಡ್ಡ ನಿರ್ಧಾರದಿಂದ ಅಲ್ಲ, "ಹೇಗೂ ಬಿಚ್ಚಿದ್ದೀವಲ್ಲ" ಅನ್ನುವ ಸಣ್ಣ ಸಣ್ಣ ಹೂಂಗಳಿಂದ. ಮೆಕ್ಯಾನಿಕ್ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ, ಅವರ ಮಾತಲ್ಲಿ ಅರ್ಧ ನ್ಯಾಯ ಇದ್ದೇ ಇರುತ್ತದೆ, ಅದಕ್ಕೇ ಇಲ್ಲ ಅನ್ನಲು ಕಷ್ಟ.

ನಾನು ಕೇಳಿಕೊಳ್ಳುವುದು ಇಷ್ಟು. ಇದನ್ನು ಬಿಟ್ಟರೆ ಪ್ರಾಣಕ್ಕೆ ಅಪಾಯ ಇದೆಯಾ? ಇದ್ದರೆ ಮಾಡಿಸಲೇಬೇಕು, ಚರ್ಚೆ ಇಲ್ಲ. ಈಗ ಬಿಟ್ಟರೆ ಮುಂದೆ ಇದೊಂದಕ್ಕಾಗಿಯೇ ಇದೇ ದೊಡ್ಡ ಕೆಲಸ ಮತ್ತೆ ಮಾಡಬೇಕಾಗುತ್ತದಾ? ಆಗುತ್ತದೆ ಅಂದರೆ, ಮತ್ತು ಆ ಸಾಮಾನು ಅಗ್ಗದ್ದಾಗಿದ್ದರೆ, ಈಗಲೇ ಮಾಡಿಸಿ. ಎರಡಕ್ಕೂ ಇಲ್ಲ ಅಂದರೆ, ಆ ಭಾಗ ಏನಾದರೂ ತೊಂದರೆ ತೋರಿಸಿದೆಯಾ ಅಂತ ನೋಡಿ.

ಎಂಜಿನ್ ಕೆಳಗಿಳಿದಿದೆ ಅಂದುಕೊಳ್ಳಿ. ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಕ್ರ್ಯಾಂಕಿನ ಹಿಂದಿನ ಸೀಲು, ಫ್ಲೈವೀಲಿನ ರಿಂಗ್ ಗೇರು, ಇವನ್ನು ನೋಡದೆ ಎಂಜಿನ್ ವಾಪಸ್ ಕೂರಿಸಬೇಡಿ. ಗೇರ್‌ಬಾಕ್ಸ್ ಬೇರೆ ಮಾತು. ಗೇರು ಜಾರುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಎಣ್ಣೆ ಇಳಿಸಿದಾಗ ಲೋಹದ ಚೂರು ಬರಲಿಲ್ಲ ಅಂದರೆ ಹೊರಗಿನ ಸೀಲು ಬದಲಿಸಿ, ಹೊಸ ಎಣ್ಣೆ ಹಾಕಿ ಬಿಟ್ಟುಬಿಡಿ. ಚೆನ್ನಾಗಿ ಕೂತಿರುವ ಹಳೆ ಗೇರುಗಳನ್ನು ಬಿಚ್ಚಿ, ಸಿಕ್ಕಿದ ಬೇರಿಂಗ್ ಹಾಕಿ, ಮೊದಲಿಲ್ಲದ ಶಬ್ದ ತಂದುಕೊಂಡವರು ಎಷ್ಟೋ ಜನ.

ಮನಸ್ಸಿಗೆ ಬಂದ ಬೇರೆ ಕೆಲಸಗಳನ್ನು "ಎರಡನೇ ಸುತ್ತು" ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಬರೆದರೆ ಮನಸ್ಸಿಗೂ ಸಮಾಧಾನ, ಮೆಕ್ಯಾನಿಕ್‌ಗೂ ಮರ್ಯಾದೆ. ಗಾಡಿ ಓಡಾಡಿದ ಮೇಲೆ ಅದನ್ನು ತೆರೆದು ನೋಡಿ, ಅದರಲ್ಲಿ ಬಹಳಷ್ಟು ಬೇಕಾಗಿರುವುದೇ ಇಲ್ಲ.

ಇಷ್ಟು ವರ್ಷ ನಿಂತ ಎಂಜಿನ್ ಅಲ್ವಾ, ಬೋರ್ ಮಾಡಿಸಲೇಬೇಕಲ್ಲ?

ಬೋರ್ ಅಂದರೆ ಸವೆದ ಸಿಲಿಂಡರಿನ ಒಳಮೈ ಕೊರೆದು ಸಮ ಮಾಡುವುದು. ಅದು ಬೇಕಾ ಅಂತ ನೋಡದೆ ಹೇಳಲು ಬರುವುದಿಲ್ಲ, ನೋಡದೆ ಮಾಡಿಸಲೂಬಾರದು. ಮೊದಲು ಹಳೆ ಎಣ್ಣೆ ಇಳಿಸಿ ಹೊಸದು ಹಾಕಿ. ಇಂಜೆಕ್ಟರ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು ಒಂದೆರಡು ದಿನ ಬಿಡಿ. ಆಮೇಲೆ ಕೈಯಲ್ಲಿ ತಿರುಗಿಸಿ ನೋಡಿ, ಸೆಲ್ಫ್ ಹೊಡೆಯಬೇಡಿ. ಸಲೀಸಾಗಿ ತಿರುಗಿದರೆ ಅರ್ಧ ಗೆದ್ದಂತೆ. ನಂತರ ಕಂಪ್ರೆಶನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರಿನಲ್ಲಿ ಎಷ್ಟು ಒತ್ತಡ ಬರುತ್ತದೆ ಅಂತ ಅಳೆಯುವುದು. ಸಿಲಿಂಡರ್ ಸಿಲಿಂಡರ್ ನಡುವಿನ ವ್ಯತ್ಯಾಸ ಶೇಕಡಾ 10-15ರ ಒಳಗಿದ್ದು, ಒಟ್ಟು ಒತ್ತಡವೂ ತೀರಾ ಬಿದ್ದಿಲ್ಲ ಅಂದರೆ ಓಡಿಸಿ ನೋಡುವುದೇ ಸರಿ. ನಿಂತು ಅಂಟಿಕೊಂಡ ರಿಂಗುಗಳು ಓಡಿದ ಮೇಲೆ ಬಿಡುವುದೂ ಉಂಟು.

ನಿಂತ ಡೀಸೆಲ್ ಗಾಡಿಯಲ್ಲಿ ಎಂಜಿನ್ನಿಗಿಂತ ಜಾಸ್ತಿ ಕೆಟ್ಟಿರುವುದು ಟ್ಯಾಂಕು ಮತ್ತು ಪಂಪು. ಟ್ಯಾಂಕ್ ಇಳಿಸಿ ತೊಳೆಸಿ, ಪೈಪು ಊದಿ, ಫಿಲ್ಟರ್ ಬದಲಿಸಿ. ಪಂಪನ್ನು ಗೊತ್ತಿರುವ ಡೀಸೆಲ್ ಪಂಪ್ ಸರ್ವಿಸ್‌ನವರಿಗೆ ಕೊಟ್ಟು ಕ್ಯಾಲಿಬ್ರೇಶನ್ ಮಾಡಿಸಿ. ಇದರಲ್ಲಿ ನಾವು ಅದೃಷ್ಟವಂತರು. ಈ ಲಾರಿಗಳ ಪಂಪು ಬಹುಪಾಲು ಮೈಕೋ, 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಕಂಪನಿ, ಈಗಿನ ಬಾಷ್. ಆ ಪಂಪಿನ ಕೈಕೆಲಸ ಬಲ್ಲವರು ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತಾರೆ.

ಒಂದು ಎಚ್ಚರ. ಎಷ್ಟು ಡೀಸೆಲ್ ಹೋಗಬೇಕು ಅಂತ ಹತೋಟಿ ಮಾಡುವ, ಪಂಪಿನ ಒಳಗಿನ ರ‍್ಯಾಕ್ ಅನ್ನುವ ಸರಳು ಅಂಟಿಕೊಂಡಿದ್ದರೆ ಸ್ಟಾರ್ಟ್ ಆದ ಕೂಡಲೇ ಎಂಜಿನ್ ಹತೋಟಿ ತಪ್ಪಿ ಏರಿಬಿಡುತ್ತದೆ, ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಗಾಳಿ ಹೋಗುವ ಬಾಯಿ ಮುಚ್ಚಲು ದಪ್ಪ ಹಲಗೆ ಹಿಡಿದು ಒಬ್ಬರು ನಿಂತಿರಬೇಕು. ಕೈ ಅಡ್ಡ ಇಡಬಾರದು.

ಬ್ರೇಕ್ ಕೆಲಸ ಕೊನೆಗೆ ಇಟ್ಕೊಂಡ್ರೆ ಏನಾಗುತ್ತೆ?

ದುಡ್ಡು ಮುಗಿದಿರುತ್ತದೆ, ಅಷ್ಟೇ ಆಗುವುದು. ಆಮೇಲೆ ಬ್ರೇಕಿಗೆ ಹೇಗೋ ಒಂದು ಮಾಡಿ ಅನ್ನುತ್ತೀರಿ, ಸಾವಿರಾರು ಕೆಜಿ ಹೊರಲು ಕಟ್ಟಿದ ಗಾಡಿಯಲ್ಲಿ ಆ ಮಾತು ಬರಲೇಬಾರದು. ಬ್ರೇಕು, ಸ್ಟೀರಿಂಗು, ಕಿಂಗ್ ಪಿನ್ನು (ಮುಂದಿನ ಚಕ್ರ ಎಡ ಬಲ ತಿರುಗುವ ಪಿನ್ನು), ಟೈರು ಇವಿಷ್ಟಕ್ಕೆ ಬೇಕಾದ ದುಡ್ಡನ್ನು ಮೊದಲ ದಿನವೇ ಬೇರೆ ತೆಗೆದಿಡಿ, ಬಣ್ಣಕ್ಕೆ ಅಂತ ಆ ದುಡ್ಡು ಮುಟ್ಟಬೇಡಿ ಅಂತ ಮನೆಯವರಿಗೂ ಹೇಳಿಡಿ.

ಹಳೆ ಹೈಡ್ರಾಲಿಕ್ ಬ್ರೇಕುಗಳಲ್ಲಿ ನಾಲ್ಕೂ ಕಡೆಗೆ ಒಂದೇ ಲೈನು. ಒಂದು ಪೈಪು ಒಡೆದರೆ ಎಲ್ಲಾ ಬ್ರೇಕೂ ಹೋಯಿತು. ಹಾಗಾಗಿ ಮಾಸ್ಟರ್ ಸಿಲಿಂಡರ್ ಕಿಟ್ ಒಂದನ್ನೇ ಹಾಕಿ ಬಿಡಬೇಡಿ, ಪೈಪು, ಹೋಸು, ವೀಲ್ ಸಿಲಿಂಡರು ಎಲ್ಲಾ ಒಟ್ಟಿಗೆ ಆಗಬೇಕು. ಹಳೆ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ. ಡ್ರಮ್ ತೆಗೆದು ಕಂಪ್ರೆಸರ್ ಗಾಳಿ ಊದುವುದು ನಮ್ಮ ಗ್ಯಾರೇಜುಗಳ ಅಭ್ಯಾಸ, ದಯವಿಟ್ಟು ತಡೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಮಾಸ್ಕ್ ಹಾಕಿರಬೇಕು.

ಟೈರನ್ನು ಹಿಡಿದಿಡುವ ಬಿಡಿ ಕಬ್ಬಿಣದ ಬಳೆ, ಅಂದರೆ ಲಾಕ್ ರಿಂಗ್, ಇರುವ ಚಕ್ರದ ಡಿಸ್ಕುಗಳಂತೂ ಸುಮ್ಮನೆ ಕೊಲ್ಲುತ್ತವೆ, ಗಾಳಿಯ ಒತ್ತಡಕ್ಕೆ ರಿಂಗು ಸಿಡಿದು ಹಾರುತ್ತದೆ. ಚಕ್ರ ಬಿಚ್ಚುವ ಮುಂಚೆಯೇ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಇಳಿಸಿ. ಗಾಳಿ ತುಂಬುವಾಗ ಕಬ್ಬಿಣದ ಪಂಜರದೊಳಗೇ ಆಗಬೇಕು, ಎದುರು ಯಾರೂ ನಿಲ್ಲಬಾರದು. ತುಕ್ಕು ತಿಂದ ರಿಂಗನ್ನು ಗುಜರಿಗೆ ಹಾಕಿ.

ತುಕ್ಕು ಎಷ್ಟಿದೆ ಅಂತ ಬಿಚ್ಚುವ ಮುಂಚೆನೇ ತಿಳ್ಕೊಳ್ಳೋದು ಹೇಗೆ? ಟಿಂಕರಿಂಗ್ ಬಿಲ್ಲೇ ಭಯ.

ಭಯ ಸರಿಯಾದದ್ದೇ. ಅಂದಾಜು ಸುಳ್ಳಾಗುವುದು ಜಾಸ್ತಿ ಇಲ್ಲೇ. ಒಂದು ಹಳೆ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಒಂದು ಅಯಸ್ಕಾಂತ ಹಿಡಿದು ಗಾಡಿ ಸುತ್ತಿ. ಕ್ಯಾಬಿನ್ ಚಾಸಿ ಮೇಲೆ ಕೂರುವ ಜಾಗ, ಕಾಲಿಡುವ ನೆಲ, ಬಾಗಿಲ ಕೆಳಭಾಗ, ವಿಂಡ್‌ಶೀಲ್ಡ್ ರಬ್ಬರಿನ ಕೆಳಗೆ, ಬ್ಯಾಟರಿ ಪೆಟ್ಟಿಗೆ. ಅಲ್ಲೆಲ್ಲಾ ಒತ್ತಿ ನೋಡಿ. ಅಯಸ್ಕಾಂತ ಅಂಟಲಿಲ್ಲ ಅಂದರೆ ಒಳಗೆ ಇರುವುದು ಪುಟ್ಟಿ. ಚಾಸಿಯಲ್ಲಿ ರಿವೆಟ್ ಸುತ್ತ, ಎರಡು ಪ್ಲೇಟು ಸೇರುವ ಕಡೆ ಉಬ್ಬಿದೆಯಾ ನೋಡಿ, ಉಬ್ಬಿದ್ದರೆ ನಡುವೆ ತುಕ್ಕು ಬೆಳೆದಿದೆ. ಕರಾವಳಿಯಲ್ಲಿ ಮೀನು ಸಾಗಿಸಿದ ಲಾರಿಯಾದರೆ ಉಪ್ಪು ನೀರು ಚಾಸಿಗೆ ಇಳಿದಿರುತ್ತದೆ, ಎರಡು ಸಲ ನೋಡಿ.

ಕೆಲಸಕ್ಕೆ ಕೊಡುವಾಗ "ಪೂರ್ತಿ ಟಿಂಕರಿಂಗ್" ಅಂತ ಒಪ್ಪಂದ ಮಾಡಿಕೊಳ್ಳಬೇಡಿ. ಸೀಮೆಸುಣ್ಣದಲ್ಲಿ ಗುರುತು ಹಾಕಿ ಎಲ್ಲೆಲ್ಲಿ ಪ್ಯಾಚು ಅಂತ ಮಾತಾಡಿ, ಫೋಟೋ ಇಟ್ಟುಕೊಳ್ಳಿ. ಸ್ಯಾಂಡ್ ಬ್ಲಾಸ್ಟಿಂಗ್ ಚಾಸಿಗೆ, ಡಿಸ್ಕಿಗೆ ಒಳ್ಳೆಯದು. ಬಾನೆಟ್, ಬಾಗಿಲಿನಂಥ ತೆಳು ತಗಡಿಗೆ ಜೋರಾಗಿ ಹೊಡೆದರೆ ತಗಡು ಅಲೆಯಲೆಯಾಗಿ ಬಾಗುತ್ತದೆ, ಅದನ್ನು ಸರಿ ಮಾಡಲು ಇನ್ನೊಂದು ಖರ್ಚು.

ಬಿಚ್ಚಿದ ಸಾಮಾನು ಕಳೆದು ಹೋಗ್ತಿದೆ, ಯಾವ ಬೋಲ್ಟ್ ಎಲ್ಲಿಯದು ಅಂತಾನೇ ಗೊತ್ತಾಗ್ತಿಲ್ಲ.

ಒಂದು ಭಾಗ ಮುಗಿಯದೆ ಇನ್ನೊಂದು ಬಿಚ್ಚಲೇಬೇಡಿ, ಆಗ ಈ ತೊಂದರೆ ಮುಕ್ಕಾಲು ಇರುವುದಿಲ್ಲ. ಪ್ರತಿ ಭಾಗದ ನಟ್ಟು ಬೋಲ್ಟು ಬೇರೆ ಡಬ್ಬಿಗೆ, ಡಬ್ಬಿಯೊಳಗೆ ಹೆಸರು ಬರೆದ ತಗಡಿನ ಚೀಟಿ. ಕಾಗದ ಎಣ್ಣೆಯಲ್ಲಿ ನೆಂದು ಹಾಳಾಗುತ್ತದೆ. ಹೊಸದು ಬಂದು ಕೂತು ಓಡುವವರೆಗೆ ಹಳೆ ಸಾಮಾನು ಎಸೆಯಬೇಡಿ, ಮುರಿದಿದ್ದರೂ. ಲೇತಿನವರಿಗೆ ಹೊಸದು ಮಾಡಲು ಅದೇ ಅಳತೆ.

## ದುಡ್ಡು ಮತ್ತು ಸಮಯ

ಬಜೆಟ್ ಎಷ್ಟು ಇಡಬೇಕು? ಒಂದು ನಂಬರ್ ಹೇಳಿ.

ನಂಬರು ಹೇಳಿದರೆ ನಿಮಗೆ ಮೋಸ ಮಾಡಿದಂತೆ, ಗಾಡಿ ಗಾಡಿಗೂ ಅಷ್ಟು ಅಂತರ ಇರುತ್ತದೆ. ಲೆಕ್ಕ ಹಾಕುವ ರೀತಿ ಹೇಳುತ್ತೇನೆ. ಗಾಡಿಯನ್ನು ಭಾಗ ಮಾಡಿ: ಬ್ರೇಕು-ಸ್ಟೀರಿಂಗು, ಟೈರು, ಎಂಜಿನ್-ಪಂಪು, ವೈರಿಂಗು, ಕ್ಯಾಬಿನ್ನು, ಹಿಂದಿನ ಬಾಡಿ, ಬಣ್ಣ, ಪೇಪರ್. ಪ್ರತಿಯೊಂದಕ್ಕೂ ಬೇರೆ ಬೇರೆ ಅಂದಾಜು ಬರೆಸಿ. ಮೊತ್ತದ ಮೂರನೇ ಒಂದು ಭಾಗವನ್ನು ಮೇಲೆ ಸೇರಿಸಿ, ಅದು ಕಾಣದ ಖರ್ಚಿಗೆ. ಅಷ್ಟೂ ದುಡ್ಡು ಕೈಯಲ್ಲಿ ಇಲ್ಲದಿದ್ದರೆ ಪರವಾಗಿಲ್ಲ, ಆದರೆ ಮುಂದಿನ ಒಂದು ಭಾಗ ಮುಗಿಸುವಷ್ಟು ಇಲ್ಲದೆ ಆ ಭಾಗವನ್ನು ಬಿಚ್ಚಬೇಡಿ.

ಜನ ಮರೆಯುವ ಖರ್ಚುಗಳಿವೆ. ಗಾಡಿ ಎಳೆದು ತರುವ ಕ್ರೇನು, ಶೆಡ್ಡಿನ ಬಾಡಿಗೆ, ಸಾಮಾನು ಹುಡುಕಿ ಊರೂರು ಓಡಾಡಿದ್ದು, ಬ್ಯಾಟರಿ. 900-20 ಟೈರು ಆರು, ಜೊತೆಗೆ ಸ್ಟೆಪ್ನಿ ಅಂದರೆ ಏಳು ಟೈರು, ಟ್ಯೂಬು, ಫ್ಲ್ಯಾಪು. ಕಾರಿನ ಲೆಕ್ಕದಲ್ಲಿ ಯೋಚಿಸಿದವರು ಇಲ್ಲೇ ಬೆಚ್ಚಿ ಬೀಳುತ್ತಾರೆ. ಪ್ರತಿ ರಸೀದಿಯನ್ನೂ ಇಟ್ಟುಕೊಂಡು ತಿಂಗಳಿಗೊಮ್ಮೆ ಮನೆಯವರ ಎದುರೇ ಕೂಡಿಸಿ. ಖರ್ಚು ಬಚ್ಚಿಟ್ಟರೆ ಮನೆಯಲ್ಲಿ ಲಾರಿ ಮೇಲೆ ಹುಟ್ಟುವ ಸಿಟ್ಟು ಹೋಗುವುದಿಲ್ಲ.

ಮೆಕ್ಯಾನಿಕ್ ಆರು ತಿಂಗಳು ಅಂದ್ರು, ಎರಡು ವರ್ಷ ಆಯ್ತು. ಯಾರ ತಪ್ಪು?

ಹೆಚ್ಚಿನ ಸಲ ಒಪ್ಪಂದದ ತಪ್ಪು. ಗ್ಯಾರೇಜಿಗೆ ದಿನಾ ದುಡಿಯುವ ಲಾರಿಗಳು ಬರುತ್ತವೆ. ಅವು ನಿಂತರೆ ಮಾಲೀಕರಿಗೆ ಅವತ್ತೇ ನಷ್ಟ, ನಿಮ್ಮದು ಕಾಯಬಹುದು. ಒಟ್ಟಿಗೆ ಮುಂಗಡ ಕೊಟ್ಟಿದ್ದರಂತೂ ನಿಮ್ಮ ಗಾಡಿ ಮೂಲೆ ಸೇರುವುದು ಸಹಜ.

ಕೆಲಸವನ್ನು ಸಣ್ಣ ತುಂಡುಗಳಲ್ಲಿ ಕೊಡಿ. "ಹಿಂದಿನ ಬ್ರೇಕು ಎರಡೂ ಕಡೆ, ಸಾಮಾನು ನಾನು ತಂದಿದ್ದೇನೆ, ಮುಗಿದ ದಿನ ಪೂರ್ತಿ ಕೂಲಿ." ಸಾಮಾನು ಎಲ್ಲಾ ಕೈಗೆ ಬರುವವರೆಗೆ ಗಾಡಿಯನ್ನು ಗ್ಯಾರೇಜಿಗೆ ಬಿಡಬೇಡಿ. ಒಂದು ಸೀಲಿಗಾಗಿ ಕಾದು ನಿಂತ ಗಾಡಿಯ ಮೇಲೆ ಬೇರೆ ಗಾಡಿಗಳ ಸಾಮಾನು ಪೇರಿಸುತ್ತಾರೆ. ವಾರಕ್ಕೊಮ್ಮೆ ಹೋಗಿ ನೋಡಿ, ಟೀ ಕುಡಿಯಿರಿ, ಮಾತಾಡಿಸಿ. ಹಳೆ ಲಾರಿ ಗೊತ್ತಿರುವ ಹಿರಿಯ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಚೌಕಾಸಿ ಮಾಡಿ ಕಳೆದುಕೊಳ್ಳಬೇಡಿ. ಅಂಥ ಕೈಗಳು ಕಡಿಮೆಯಾಗುತ್ತಿವೆ, ಅವರ ಬಳಿ ಕಲಿಯುವ ಹುಡುಗರೂ ಕಡಿಮೆ.

ಗುಜರಿಯಲ್ಲಿ ಪಾರ್ಟ್ಸ್ ಕಂಡಾಗ ತಗೊಂಡಿಟ್ಕೊಳ್ಳೋದು ಒಳ್ಳೇದಲ್ವಾ? ಇನ್ನೊಂದು ಲಾರಿನೇ ತಗೊಂಡ್ರೆ?

ಸಾಮಾನು ನೋಡಿ ತೀರ್ಮಾನಿಸಿ. ಬೇರಿಂಗು, ಸೀಲುಗಳನ್ನು ಕೂಡಿಡುವ ಅಗತ್ಯ ಇಲ್ಲ. ಅವುಗಳ ಮೇಲೆ ನಂಬರು ಇರುತ್ತದೆ, ನಂಬರು ಅಳಿಸಿದ್ದರೆ ಒಳ ಅಳತೆ, ಹೊರ ಅಳತೆ, ದಪ್ಪ ಹೇಳಿದರೆ ಬೆಂಗಳೂರಿನ ಜೆಸಿ ರಸ್ತೆಯ ಅಂಗಡಿಗಳಲ್ಲಿ ಸಮಾನವಾದದ್ದು ಸಿಗುವ ಸಂಭವ ಜಾಸ್ತಿ. ಮತ್ತೆ ಸಿಗದಂಥ ಸಾಮಾನು ಬೇರೆ: ಗ್ರಿಲ್, ಬಾನೆಟ್ ಮೇಲಿನ ಲಾಂಛನ, ಮೀಟರ್ ಬೋರ್ಡ್, ಸ್ಟೀರಿಂಗ್ ಚಕ್ರ, ಬಾಗಿಲ ಹಿಡಿ. ನಿಮ್ಮ ಗಾಡಿಯಲ್ಲಿ ಅದು ಇಲ್ಲದಿದ್ದರೆ ಕಂಡ ದಿನವೇ ತಗೊಳ್ಳಿ.

ಸಾಮಾನಿಗಾಗಿ ಎರಡನೇ ಲಾರಿ ತರುವುದು ನನಗೆ ಒಪ್ಪಿಗೆ ಇಲ್ಲ. ತಂದ ಮೇಲೆ ಅದನ್ನೂ ಉಳಿಸಬೇಕು ಅನ್ನಿಸುತ್ತದೆ. ಅಲ್ಲಿಗೆ ಎರಡು ಪ್ರಾಜೆಕ್ಟು, ಒಂದೂ ಮುಗಿಯುವುದಿಲ್ಲ.

## ಸ್ವಲ್ಪ ಮುಂದೆ ಹೋದವರಿಗೆ

ಪವರ್ ಸ್ಟೀರಿಂಗು, ಹೊಸ ಟರ್ಬೊ ಎಂಜಿನ್ನು ಹಾಕಿಬಿಟ್ರೆ ಆರಾಮಾಗಿ ಓಡಿಸಬಹುದಲ್ಲ?

ಎಂಜಿನ್ ಒಂದೇ ಬದಲಾಗುವುದಿಲ್ಲ. ಅದಕ್ಕೆ ತಕ್ಕ ಮೌಂಟಿಂಗು, ರೇಡಿಯೇಟರು, ಗೇರ್‌ಬಾಕ್ಸು, ಗೇರ್‌ಬಾಕ್ಸಿಗೆ ತಕ್ಕಂತೆ ಕತ್ತರಿಸಿದ ಪ್ರೊಪೆಲ್ಲರ್ ಶಾಫ್ಟು, ಹೊಸ ವೇಗಕ್ಕೆ ತಕ್ಕ ಬ್ರೇಕು. ಒಂದು ಬದಲಾವಣೆಗೆ ಐದು ಬದಲಾವಣೆ, ಪ್ರತಿಯೊಂದೂ ಕೈಯಲ್ಲಿ ಮಾಡಬೇಕಾದದ್ದು. ಪ್ರಾಜೆಕ್ಟ್ ಸಾಯುವುದು ಇಂಥ ಕಡೆ. ಕಾನೂನೂ ಅಡ್ಡ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಮನಸ್ಸಿಗೆ ಬಂದಂತೆ ಗಾಡಿ ಬದಲಿಸುವ ಹಾಗಿಲ್ಲ, ವಿಂಟೇಜ್ ನಂಬರಿನ ಆಸೆಯನ್ನಂತೂ ಬಿಡಬೇಕಾಗುತ್ತದೆ.

ಏನನ್ನೂ ಕತ್ತರಿಸದೆ, ಮತ್ತೆ ಹಳೆಯದಕ್ಕೆ ಹೋಗಬಹುದಾದ ಬದಲಾವಣೆಗಳಿಗೆ ನನ್ನ ಅಭ್ಯಂತರ ಇಲ್ಲ. ಇಂಡಿಕೇಟರು, ಒಳ್ಳೆಯ ಹಿಂದಿನ ಲೈಟು, ಬ್ಯಾಟರಿ ಕಟ್ಆಫ್ ಸ್ವಿಚ್ಚು, ಹೊಸ ಫ್ಯೂಸ್ ಪೆಟ್ಟಿಗೆ. ಬ್ರಿಟಿಷ್ ಮೂಲದ ಕೆಲವು ಹಳೆ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆ ಚಾಸಿಗೆ ಅರ್ಥ್ ಆಗಿರುತ್ತದೆ, ವೈರಿಂಗ್ ಮುಟ್ಟುವ ಮೊದಲು ಅದನ್ನು ನೋಡಿ. ಸ್ಟೀರಿಂಗ್ ಭಾರ ಅನ್ನಿಸಿದರೆ ಮೊದಲು ಕಿಂಗ್ ಪಿನ್ನಿಗೆ ಗ್ರೀಸ್ ಹೋಗುತ್ತಿದೆಯಾ, ಟೈರಿನಲ್ಲಿ ಸರಿಯಾದ ಗಾಳಿ ಇದೆಯಾ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಹಗುರಾಗುತ್ತದೆ.

ಹಿಂದಿನ ಮರದ ಬಾಡಿ ಹಾಳಾಗಿದೆ. ಒರಿಜಿನಲ್ ಡಿಸೈನ್ ಎಲ್ಲಿ ಸಿಗುತ್ತೆ? ಕಂಪನಿಗೆ ಬರೀಬೇಕಾ?

ಕಂಪನಿಯಲ್ಲಿ ಸಿಗುವುದಿಲ್ಲ, ಯಾಕೆಂದರೆ ಅದನ್ನು ಕಂಪನಿ ಕಟ್ಟಿದ್ದೇ ಅಲ್ಲ. ಆಗ ಹೆಚ್ಚಾಗಿ ಬರುತ್ತಿದ್ದದ್ದು ಚಾಸಿ, ಎಂಜಿನ್, ಬಾನೆಟ್ಟು, ಮುಂದಿನ ಕೌಲ್ (ಬಾನೆಟ್ಟಿಗೂ ಕ್ಯಾಬಿನ್ನಿಗೂ ನಡುವಿನ ತಗಡು) ಮಾತ್ರ. ಕ್ಯಾಬಿನ್ನೂ ಹಿಂದಿನ ಬಾಡಿಯೂ ಇಲ್ಲಿನ ಬಡಗಿಗಳು, ಬಾಡಿ ಬಿಲ್ಡರ್‌ಗಳು ಕಟ್ಟಿದ್ದು. ಅದಕ್ಕೇ ಊರಿಗೊಂದು ಶೈಲಿ, ನಾಮಕ್ಕಲ್‌ನಂಥ ಬಾಡಿ ಕಟ್ಟುವ ಊರುಗಳಲ್ಲಿ ಕಟ್ಟುವ ರೀತಿಯೂ ಅವುಗಳದ್ದೇ. ಒಂದೇ ಲಾರಿ ತನ್ನ ಆಯಸ್ಸಿನಲ್ಲಿ ಎರಡು ಮೂರು ಬಾಡಿ ಕಂಡಿರಬಹುದು.

ಹಾಗಾಗಿ ಒಂದು ಕಾಲ ಆರಿಸಿಕೊಳ್ಳಿ. ಮನೆಯ ಹಳೆ ಫೋಟೋದಲ್ಲಿ, ಮದುವೆ ದಿಬ್ಬಣದ್ದೋ ಗಾಡಿ ಪೂಜೆಯದ್ದೋ, ಲಾರಿ ಹೇಗೆ ಕಾಣುತ್ತದೆ? ಹಾಗೇ ಕಟ್ಟಿಸಿ, ಬಣ್ಣ, ಬರಹ ಎಲ್ಲವೂ ಆ ಕಾಲದ್ದೇ. ಆಗ "ಇದನ್ನೂ ಸೇರಿಸೋಣ" ಅನ್ನುವ ಮಾತಿಗೆ ಉತ್ತರ ಆ ಫೋಟೋದಲ್ಲೇ ಇರುತ್ತದೆ. ಕೊಳೆತ ಹಲಗೆಗಳನ್ನು ತೆಗೆಯುವ ಮುಂಚೆ ಪ್ರತಿ ಜೋಡಣೆಯ ಅಳತೆ ಬರೆದುಕೊಳ್ಳಿ, ಕಬ್ಬಿಣದ ಪಟ್ಟಿ, ಕೊಂಡಿ, ಸರಪಳಿ ಉಳಿಸಿಕೊಳ್ಳಿ.

ನಮ್ಮದು ಹಳೆ ಪೆಟ್ರೋಲ್ ಗಾಡಿ. ಈಗಿನ ಇ20 ಪೆಟ್ರೋಲಿಗೆ ಎಂಜಿನ್ನೇ ಬದಲಿಸಬೇಕು ಅಂತಾರೆ, ಹೌದಾ?

ಅಷ್ಟು ದೂರ ಹೋಗಬೇಡಿ. ನೂರಕ್ಕೆ 20 ಭಾಗ ಎಥನಾಲ್ ಇರುವ ಈ ಪೆಟ್ರೋಲ್ ಹಳೆ ರಬ್ಬರನ್ನು ತಿನ್ನುತ್ತದೆ, ಟ್ಯಾಂಕಿನ ಹಳೆ ಕೆಸರನ್ನು ಬಿಡಿಸಿ ಕಾರ್ಬ್ಯುರೇಟರಿನ ಸಣ್ಣ ತೂತಿಗೆ (ಜೆಟ್ಟಿಗೆ) ತರುತ್ತದೆ, ನಿಂತ ಗಾಡಿಯಲ್ಲಿ ತೇವ ಎಳೆದುಕೊಳ್ಳುತ್ತದೆ. ಎಥನಾಲ್ ತಡೆಯುವ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ಮು, ಕಾರ್ಬ್ಯುರೇಟರ್ ಗ್ಯಾಸ್ಕೆಟ್ಟು ಹಾಕಿಸಿ. ಟ್ಯಾಂಕ್ ತೊಳೆಸಿ ಕಣ್ಣಿಗೆ ಕಾಣುವ ಫಿಲ್ಟರ್ ಕೂರಿಸಿ. ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಸ್ವಲ್ಪ ಜಾಸ್ತಿ ಮಾಡಿಸಬೇಕಾಗಬಹುದು. ಬಹಳ ದಿನ ನಿಲ್ಲಿಸುವಾಗ ಕಾರ್ಬ್ಯುರೇಟರ್ ಖಾಲಿ ಮಾಡಿ.

ಪೇಂಟ್ ಯಾವಾಗ ಮಾಡಿಸಲಿ? ಬಣ್ಣ ನೋಡಿದ್ರೆ ಉತ್ಸಾಹ ಬರುತ್ತೆ.

ಕೊನೆಗೆ. ಪ್ರೈಮರ್ ಹಂತದಲ್ಲೇ ಬಾಗಿಲು, ಬಾನೆಟ್ಟು, ಮಡ್‌ಗಾರ್ಡು, ಗಾಜು ಎಲ್ಲಾ ಒಮ್ಮೆ ಕೂರಿಸಿ, ಗಾಡಿ ಓಡಿಸಿ, ಎಲ್ಲೂ ಉಜ್ಜುವುದಿಲ್ಲ, ಅದುರುವುದಿಲ್ಲ ಅಂತ ಖಚಿತವಾದ ಮೇಲೆ ಬಿಚ್ಚಿ ಬಣ್ಣಕ್ಕೆ ಕಳಿಸಿ. ಮೊದಲೇ ಬಣ್ಣ ಹೊಡೆಸಿದರೆ ಆಮೇಲಿನ ಪ್ರತಿ ಕೆಲಸದಲ್ಲೂ ಗೀರು ಬೀಳುತ್ತದೆ. ಉತ್ಸಾಹ ಬೇಕಾದರೆ ಹೆಡ್‌ಲೈಟ್ ರಿಂಗು, ಮೀಟರ್ ಬೋರ್ಡಿನಂಥ ಸಣ್ಣ ಸಾಮಾನು ತೆಗೆದುಕೊಂಡು ಮನೆಯಲ್ಲೇ ನಿಧಾನವಾಗಿ ಮಾಡಿ.

ನಮ್ಮದು ಅರ್ಧಕ್ಕೆ ನಿಂತು ವರ್ಷಗಳಾಯ್ತು. ಮುಂದುವರಿಸೋದಾ, ಮಾರೋದಾ?

ಮೊದಲು ಒಂದು ದಿನ ಇಟ್ಟುಕೊಂಡು ಎಲ್ಲಾ ಸಾಮಾನು ಹೊರಗೆ ಹರಡಿ. ಇರುವುದು, ಇಲ್ಲದ್ದು, ಗ್ಯಾರೇಜಿನಲ್ಲೋ ಲೇತಿನಲ್ಲೋ ಉಳಿದದ್ದು ಅಂತ ಪಟ್ಟಿ ಮಾಡಿ, ಹೊರಗಿರುವುದನ್ನೆಲ್ಲಾ ವಾಪಸ್ ತನ್ನಿ. ಆಮೇಲೆ ಶುರುವಿನಲ್ಲಿ ಅಂದುಕೊಂಡದ್ದನ್ನು ಬದಿಗಿಟ್ಟು, ಈ ಲಾರಿ ಉರುಳಿ, ಸ್ಟೀರಿಂಗ್ ತಿರುಗಿ, ಬ್ರೇಕ್ ಹಿಡಿಯುವಂತೆ ಮಾಡಲು ಕನಿಷ್ಠ ಏನು ಬೇಕು ಅಂತ ಮಾತ್ರ ಬರೆಯಿರಿ. ಅಷ್ಟನ್ನೇ ಮಾಡಿ. ತಳ್ಳಿದರೆ ಉರುಳುವ ಲಾರಿಗೆ ಮೆಕ್ಯಾನಿಕ್ ಸಿಗುತ್ತಾರೆ, ಗೆಳೆಯರು ಬರುತ್ತಾರೆ, ಬೇಕಿದ್ದರೆ ಕೊಳ್ಳುವವರೂ ಬರುತ್ತಾರೆ. ಇಟ್ಟಿಗೆ ಮೇಲೆ ಕೂತ ಲಾರಿಗೆ ಬರುವುದು ಗುಜರಿಯವರೇ.

ಆ ಪಟ್ಟಿ ನೋಡಿದ ಮೇಲೂ ಮನಸ್ಸು ಬರದಿದ್ದರೆ ಮಾರಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ. ಆದರೆ ಬಿಡಿ ಬಿಡಿಯಾಗಿ ಮಾರಬೇಡಿ, ಅರ್ಧ ಸಾಮಾನು ಹೋದ ಲಾರಿಯನ್ನು ಆಮೇಲೆ ಯಾರೂ ಎಬ್ಬಿಸಲಾರರು. ಬಿಚ್ಚಿದ್ದನ್ನು ಆದಷ್ಟು ಜಾಗಕ್ಕೆ ಕೂರಿಸಿ, ಉಳಿದದ್ದನ್ನು ಚೀಟಿ ಸಮೇತ ಪೆಟ್ಟಿಗೆಗೆ ಹಾಕಿ, ಫೋಟೋ, ರಸೀದಿ, ಆರ್‌ಸಿ ಎಲ್ಲಾ ಒಟ್ಟಿಗೆ ಕೊಡಿ. ಮಾರಿದ ದಿನವೇ ಆರ್‌ಟಿಒದಲ್ಲಿ ಹೆಸರು ವರ್ಗಾವಣೆಯ ಅರ್ಜಿ ಹಾಕಿ. ವರ್ಗಾವಣೆ ಆಗುವವರೆಗೆ ಆ ಲಾರಿಯ ಹೊಣೆ ದಾಖಲೆಯಲ್ಲಿ ನಿಮ್ಮ ಹೆಸರಿನಲ್ಲೇ ಇರುತ್ತದೆ.